ಕೆಂಪು ಕಾರ್ಡು ಕೊಟ್ಟವಳು ನಾನು

ಮುತ್ಯಾನಿಗೆ ನಾನು ಹಳದಿ ಕಾರ್ಡು ಕೊಡಬಹುದಿತ್ತು. ಊರಿನ ಆಶಾ ಕಾರ್ಯಕರ್ತೆ ನನ್ನ ಮಗ್ಗುಲಲ್ಲೇ ನಿಂತು ಎರಡು ಸಲ ಹೇಳಿದಳು: "ಅಕ್ಕಾರ, ಹಳದಿ ಕೊಡ್ರಿ. ಮುತ್ಯಾ ದಿನಾ ಆಡು ಕಾಯಾಕ ಹೋಗ್ತಾನ, ಗಟ್ಟಿ ಅದಾನ." ನನ್ನ ಕೆಲಸ ನನಗೇ ಕಲಿಸಲು ಯಾರಾದರೂ ಬಂದರೆ ಮೈ ಉರಿಯುತ್ತದೆ. "ಗಡಿಯಾರ ನೋಡಾಕಿ ನಾನೋ ನೀನೋ?" ಅಂದೆ. ನಾನು ಕೆಂಪು ಕಾರ್ಡು ತೆಗೆದು, ಹೆಸರು ಬರೆದು, ಸಹಿ ಹಾಕಿ ಮುತ್ಯಾನ ಮಗನ ಕೈಗೆ ಕೊಟ್ಟೆ.

ನಾನು ಫಿಸಿಯೋಥೆರಪಿಸ್ಟ್, ಊರು ಸಿಂದಗಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದವರನ್ನು ಪರೀಕ್ಷಿಸಿ, ಅವರು ಬೀಳದಂತೆ, ಮೂಲೆ ಹಿಡಿಯದಂತೆ, ತಮ್ಮ ಕೆಲಸ ತಾವೇ ಮಾಡಿಕೊಂಡು ಓಡಾಡುವಂತೆ ನೋಡಿಕೊಳ್ಳುವುದು ನಮ್ಮ ಯೋಜನೆಯ ಉದ್ದೇಶವಾಗಿತ್ತು. ಪರೀಕ್ಷೆ ಮೂರು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂಡುವುದು. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಕುರ್ಚಿಯಿಂದ ಎದ್ದು ಕೂಡುವುದು. ಏನನ್ನೂ ಹಿಡಿಯದೆ ಒಂಟಿಕಾಲಲ್ಲಿ ನಿಲ್ಲುವುದು. ಮೂರಕ್ಕೂ ಸೆಕೆಂಡುಗಳ ಲೆಕ್ಕವಿದೆ. ಅದರ ಮೇಲೆ ಹಸಿರು, ಹಳದಿ, ಕೆಂಪು ಕಾರ್ಡು. ಹಸಿರಿನವರೂ ಹಳದಿಯವರೂ ವಾರಕ್ಕೆರಡು ದಿನ ವ್ಯಾಯಾಮದ ಗುಂಪಿಗೆ ಬರಬೇಕು. ಕೆಂಪಿನವರಿಗೆ ನಾವೇ ಮನೆಗೆ ಹೋಗಿ ಹೆಚ್ಚಿನ ವ್ಯಾಯಾಮ ಕಲಿಸಬೇಕು. ಕಾಗದದ ಮೇಲೆ ಎಲ್ಲವೂ ಚೆಂದವೇ ಇತ್ತು.

ತಾಳಿಕೋಟೆಯಿಂದ ಆಚೆ, ಡೋಣಿ ಹೊಳೆಗೆ ಹತ್ತಿರದ ಒಂದು ಹಳ್ಳಿ ಅದು. ಗುಡಿಯ ಮುಂದಿನ ಸಮುದಾಯ ಭವನದಲ್ಲಿ ಶಿಬಿರ. ಹೊಸ ಟೈಲ್ಸು ಹಾಕಿದ್ದರು. ಪಟ್ಟಣದಿಂದ ಅಕ್ಕಾರು ಬರುತ್ತಾರೆಂದು ಮುಂಜಾನೆಯೇ ನೀರು ಹೊಡೆದು ಒರೆಸಿದ್ದರು. ಗುಡಿಯ ಜಾಗವಾದ್ದರಿಂದ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದರು. ಮುತ್ಯಾ ತನ್ನ ದಪ್ಪ ಅಟ್ಟೆಯ ಚರ್ಮದ ಕೆರಗಳನ್ನು ಮೆಟ್ಟಿಲ ಕೆಳಗೆ ಬಿಟ್ಟ. ಬಡಿಗೆ ಹಿಡಿದೇ ಒಳಗೆ ಬಂದ. "ಬಡಿಗಿ ಹೊರಗ ಇಡ್ರಿ ಮುತ್ಯಾ, ಪರೀಕ್ಷಾ ಕೆಡತೈತಿ" ಎಂದು ನಾನೇ ತೆಗೆದು ಬಾಗಿಲ ಮೂಲೆಗಿಟ್ಟೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನನ್ನು ಕೂಡ್ರಿಸಿದೆ. ಅಂಚಿನಲ್ಲಿ ಕುಂಡೆ ಊರಿ, ಯಾರದೋ ಮನೆಯ ಮದುವೆಗೆ ಕರೆಯದೆ ಬಂದವನಂತೆ ಕೂತ. ಎದ್ದು ನಡೆ ಎಂದರೆ ಒದ್ದೆ ಟೈಲ್ಸಿನ ಮೇಲೆ ಬೆರಳು ಮಡಚಿ ಮಡಚಿ ಹೆಜ್ಜೆ ಇಟ್ಟ, ಒಂದು ಕೈ ಗೋಡೆಗೆ. ನಮ್ಮ ಹಾಳೆಯ ಗಡಿ ಹದಿನಾಲ್ಕು ಸೆಕೆಂಡು. ಅವನು ಅದನ್ನು ಕೂದಲೆಳೆಯಷ್ಟು ದಾಟಿದ. ಒಂಟಿಕಾಲಲ್ಲಿ ನಿಂತಾಗ ಎರಡೇ ಸೆಕೆಂಡಿಗೆ ಕಾಲು ಕೆಳಗೆ ಬಂತು. ಕುರ್ಚಿಯಿಂದೇಳಲು ಕೈ ಊರಿದ. "ಈ ಕುರ್ಚಿಮ್ಯಾಗ ನಾ ಎಂದ್ ಕುಂತೇನವಾ? ನೆಲಕ್ಕ ಕುಂದ್ರಸು, ಎದ್ದ ತೋರಸ್ತೇನಿ" ಅಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ಅನುಮಾನವಿದ್ದರೆ ಮರುದಿನ ಇನ್ನೊಮ್ಮೆ ಪರೀಕ್ಷಿಸಬೇಕು, ಅಲ್ಲಿಯ ತನಕ ಹಳದಿ ಕೊಡಬೇಕು ಎಂದು ಹಾಳೆಯ ಕೆಳಗೆ ಬರೆದಿತ್ತು. ಮರುದಿನ ನಾನು ಇಂಡಿಯ ಕಡೆ ಹೋಗಬೇಕಿತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಇಂಡಿ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದಳು. ವಯಸ್ಸಾಗಿದೆ, ಕೊಯ್ಯುವುದು ಬೇಡ ಎಂದು ಮನೆಯವರು ಹಾಗೇ ಮಲಗಿಸಿದರು. ಆ ಕೋಣೆಯ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ. ಅಂದಿನಿಂದ ನನಗೆ ಹಳದಿಯ ಮೇಲೆ ನಂಬಿಕೆ ಕಡಿಮೆ. ಹಳದಿಯೋ ಕೆಂಪೋ ಎಂದು ತೂಗುವಂತಿದ್ದರೆ ಕೆಂಪು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ.

ಆ ಕಾರ್ಡಿನ ಮೇಲೆ ಒಬ್ಬ ಮುದುಕ ಅಂಗಾತ ಬೀಳುತ್ತಿರುವ ಚಿತ್ರವಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ 'ಬೀಳುವ ಅಪಾಯ ಹೆಚ್ಚು'. ದಿನವೂ ವ್ಯಾಯಾಮ ಮಾಡಿಸಿ, ಕೆಲಸ ಬಿಡಿಸಬೇಡಿ ಎನ್ನುವುದು ಅದರ ಹಿಂಬದಿಯಲ್ಲಿ, ಇರುವೆಯಂಥ ಅಕ್ಷರದಲ್ಲಿತ್ತು. ಮಗ ಎರಡೂ ಕೈಯಲ್ಲಿ ಕಾರ್ಡು ಹಿಡಿದು ನೋಡಿದ. ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ಮುಖ ಸಣ್ಣಗಾಯಿತು. "ನಾವು ಬರೋಬರಿ ನೋಡ್ಕೋತೇವ್ರಿ ಅಕ್ಕಾರ" ಅಂದ. ನಾನು ಶಹಭಾಸ್ ಅಂದೆ.

ಮುಂದಿನ ಭೇಟಿ ಮೂರು ತಿಂಗಳ ಮೇಲೆ. ನಡುವೆ ಇಂಡಿ, ಸಿಂದಗಿ, ಆಲಮೇಲ ಎಂದು ಊರೂರು ತಿರುಗಿದೆ. ಕೆಂಪಿನವರ ಮನೆಭೇಟಿಗೆಂದು ಇದ್ದ ದಿನಗಳೆಲ್ಲ ಹೊಸ ಶಿಬಿರಗಳಿಗೆ ಹೋದವು. ಮತ್ತೆ ಆ ಊರಿಗೆ ಬಂದಾಗ ಸಮುದಾಯ ಭವನದಲ್ಲಿ ಗುಂಪು ಜೋರಾಗಿ ನಡೆದಿತ್ತು. ಹೆಂಗಸರು ಸೆರಗು ಸಿಕ್ಕಿಸಿ ತೋಳು ತಿರುಗಿಸುತ್ತಿದ್ದರು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿದ್ದರು. ಖುಷಿಯಾಯಿತು. ಹಾಜರಿ ನೋಡಿದೆ. ಹಸಿರು, ಹಳದಿ, ಹಸಿರು, ಹಳದಿ.

"ಕೆಂಪಿನವ್ರು ಹ್ಯಾಂಗ ಅದಾರ?"

"ಒಬ್ರೂ ಮನಿ ಬಿಟ್ಟ ಹೊರಗ ಬಂದಿಲ್ರಿ" ಅಂದಳು ಆಶಾ.

"ನನಗೊಂದು ಫೋನ್ ಮಾಡಾಕ ಏನಾಗಿತ್ತು ನಿನಗ?"

"ಮಾಡಿದ್ನೆಲ್ರಿ. 'ಮೀಟಿಂಗ್‌ನ್ಯಾಗ ಅದೇನಿ, ಗುಂಪಿನ ಫೋಟೋ ಕಳಸು' ಅಂದ್ರಿ."

ಅಂದಿದ್ದೆ. ನೆನಪಿತ್ತು. ಅವಳ ಹಿಂದೆ ಮುತ್ಯಾನ ಮನೆಗೆ ನಡೆದೆ.

ಸೊಸೆ ಬಾಗಿಲಲ್ಲೇ ನಗುಮುಖದಿಂದ ಬರಮಾಡಿಕೊಂಡಳು. ಪಡಸಾಲೆಯ ಮೂಲೆಯಲ್ಲಿ ಹೊರಸು, ಅದರ ಮೇಲೆ ಮುತ್ಯಾ ಗೋಡೆಗೆ ಮುಖ ಮಾಡಿ ಮಲಗಿದ್ದ. ತಲೆಯ ಮೇಲೆ, ದೇವರ ಫೋಟೋಗಳ ಸಾಲಿನಲ್ಲಿ, ನನ್ನ ಕೆಂಪು ಕಾರ್ಡು. ಪ್ಲಾಸ್ಟಿಕ್ ಹಾಳೆ ಸುತ್ತಿ ಮೊಳೆ ಹೊಡೆದಿದ್ದರು.

"ನೀವು ಹೇಳಿದಂಗ ಬರೋಬರಿ ನೋಡ್ಕೊಂಡೇವ್ರಿ" ಅಂದಳು ಸೊಸೆ. "ಮೂರ ತಿಂಗಳಾತು, ಹೊಸ್ತಿಲಾ ದಾಟಿಸಿಲ್ಲ. ಊಟ ಇಲ್ಲೇ, ಜಳಕಾ ಇಲ್ಲೇ, ಒಂದಕ್ಕ ಹೋಗಾಕ ಡಬ್ಬಿ ಇಟ್ಟೇನಿ. ಮೊದಮೊದಲ ಭಾಳ ಬೈದಾಡಿದ್ರು. ಆಡ ಕಂಡ್ರ ಎದ್ದ ಓಡ್ತಾರಂತ ಆಡೆಲ್ಲಾ ಆಲಮೇಲಕ್ಕ, ಅವರ ಮಗಳ ಮನಿಗಿ ಕಳಿಸೇವ್ರಿ. ಈಗ ಶಾಂತ ಅದಾರ."

ಅವಳ ಮುಖದಲ್ಲಿ ಸುಳ್ಳಿರಲಿಲ್ಲ, ಬೇಸರವೂ ಇರಲಿಲ್ಲ. ಮುತ್ಯಾನ ಅಂಗಿ ಶುಭ್ರವಾಗಿತ್ತು, ಗಡ್ಡ ಬೋಳಿಸಿದ್ದರು, ಹಾಸಿಗೆಯ ಮೇಲೆ ಹೊಸ ಕೌದಿ. ಇಂಥ ಸೇವೆ ಮಾಡುವ ಮನೆ ನಾನು ಹತ್ತರಲ್ಲಿ ಒಂದನ್ನೂ ಕಂಡಿಲ್ಲ. ಅದೇ ಸೇವೆ ಅವನನ್ನು ತಿಂದು ಹಾಕಿತ್ತು.

ಧೋತರ ಸರಿಸಿ ತೊಡೆಗೆ ಟೇಪು ಸುತ್ತಿದೆ. ಕೈಗೆ ಸಿಕ್ಕಿದ್ದು ಎಲುಬು ಮತ್ತು ಜೋಲು ಚರ್ಮ. ಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮಗ್ಗುಲು ಹೊರಳಿಸಿದರೆ ಬೆನ್ನಿನ ಬುಡದಲ್ಲಿ ರೂಪಾಯಿಯಗಲದ ಹಸಿ ಹುಣ್ಣು, ಹಿಮ್ಮಡಿಗಳಲ್ಲಿ ಕೆಂಪು. ಎಬ್ಬಿಸಿ ಕೂಡ್ರಿಸಿದಾಗ ಕಣ್ಣು ಮೇಲಕ್ಕೆ ಹೋದವು. ಮಲಗಿದ್ದಾಗ ನೂರಾ ಮೂವತ್ತಿದ್ದ ರಕ್ತದೊತ್ತಡ ಕೂತಾಗ ತೊಂಬತ್ತಕ್ಕೆ ಇಳಿದಿತ್ತು. ನಿಲ್ಲಿಸುವ ಮಾತೇ ಇರಲಿಲ್ಲ.

"ಮುತ್ಯಾ, ಏಳಬೇಕಲಾ ಇನ್ನ" ಅಂದೆ.

ಅವನು ನನ್ನ ಕಡೆ ತಿರುಗಿದ. "ನನ್ನ ಕುಂದ್ರಿಸಿದಾಕಿ ನೀನ ಅಲ್ಲೇನವಾ? ಈಗ ಏಳು ಅಂತಿ."

ಚೀಲ ಎತ್ತಿಕೊಂಡು ಹೊರಗೆ ಬಂದೆ. ಸೊಸೆ ಚಹಾ ಇಟ್ಟಿದ್ದಳು, ಕುಡಿಯಲಿಲ್ಲ.

ಊರ ಹೊರಗಿನ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತ ನಿಂತೆ. ಎದುರಿನ ಬೀಳು ಹೊಲದಲ್ಲಿ ಇನ್ನೊಬ್ಬ ಮುದುಕ ಕುರಿ ಬಿಟ್ಟುಕೊಂಡು ನಿಂತಿದ್ದ. ಬಡಿಗೆ ಮುಂದೆ ಊರಿ, ಅದರ ತುದಿಗೆ ಗದ್ದ ಇಟ್ಟು, ಒಂದು ಕಾಲು ಮಡಚಿ ಇನ್ನೊಂದು ಮಂಡಿಗೆ ಹಚ್ಚಿ, ಆರಾಮಾಗಿ ಒಂಟಿಕಾಲಲ್ಲಿ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಮ್ಮ ಸಿಂದಗಿ ರಸ್ತೆಯುದ್ದಕ್ಕೂ ಕುರಿ ಕಾಯುವವರು ನಿಲ್ಲುವುದೇ ಹೀಗೆ. ಯಾಕೋ ಮೊಬೈಲ್ ತೆಗೆದು ಸ್ಟಾಪ್‌ವಾಚ್ ಒತ್ತಿದೆ. ಒಂದು ನಿಮಿಷ. ಎರಡು. ಕಾಲು ಬದಲಿಸಿದ, ಮತ್ತೆ ನಿಂತ. ಬಸ್ಸು ಬರುವ ಹೊತ್ತಿಗೆ ಹತ್ತು ನಿಮಿಷ ದಾಟಿತ್ತು.

ಬಸ್ಸಿನಲ್ಲಿ ಕೂತು ಮುಂದಿನ ಸೀಟಿಗೆ ಹಣೆ ಒರಗಿಸಿದೆ. ಜೀವಮಾನವೆಲ್ಲ ಕೆರ ಮೆಟ್ಟಿ, ಬಡಿಗೆ ಹಿಡಿದು, ಎರೆ ಹೊಲದ ಹೆಂಟೆಗಳ ಮೇಲೆ ನಡೆದವನನ್ನು ನಾನು ಬರಿಗಾಲಲ್ಲಿ, ಬರಿಗೈಯಲ್ಲಿ, ಒದ್ದೆ ಟೈಲ್ಸಿನ ಮೇಲೆ ನಡೆಸಿದ್ದೆ. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಏಳುವವನನ್ನು ಕುರ್ಚಿಯ ಮೇಲೆ ಪರೀಕ್ಷಿಸಿದ್ದೆ. ಅವನೇ ಬಾಯಿಬಿಟ್ಟು ಹೇಳಿದ್ದ, ನಾನು ನಕ್ಕಿದ್ದೆ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಪಕ್ಕದಲ್ಲಿ ಕೂತ ಹೆಂಗಸು "ಯಾಕ್ರಿ, ವಾಂತಿ ಬರಾಕತ್ತೈತೇನು?" ಎಂದು ಕೇಳಿ ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಳು.

ಮರುದಿನ ಬಾಗೇವಾಡಿಯ ನಮ್ಮ ಕಚೇರಿಯಲ್ಲಿ ಯೋಜನೆಯ ಸಂಯೋಜಕರ ಮುಂದೆ ನಿಂತೆ. ಕೆಟ್ಟ ಮನುಷ್ಯನಲ್ಲ. ಎಲ್ಲ ಕೇಳಿಸಿಕೊಂಡರು.

"ಕೆಂಪು ಕಾರ್ಡು ಎಲ್ಲಾ ವಾಪಸ್ ತಗೋಬೇಕ್ರಿ ಸರ್" ಅಂದೆ. "ನಾಲ್ಕೂ ಕಡಿ. ಮನಿ ಮುಂದ, ಅವರ ಚಪ್ಪಲಿ, ಅವರ ಬಡಿಗಿ ಸಮೇತ ಮತ್ತೊಮ್ಮೆ ಪರೀಕ್ಷಾ ಮಾಡೂಣು."

"ರಿಪೋರ್ಟ್ ಮ್ಯಾಲ ಹೋಗೇತಿ. ಈಗ ತಪ್ಪ ಆಗೇತಿ ಅಂತ ಹ್ಯಾಂಗ ಬರೀಲಿ?" ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ನೀವು ಕಾರ್ಡು ಕಸಗೊಂಡ ಮರುದಿನಾನ ಒಬ್ಬಾಂವ ಬಿದ್ದು ಎಲಬು ಮುರ್ಕೊಂಡ್ರ? ಯಾರ ಹೊಣಿ?"

ಅದೇ ಪ್ರಶ್ನೆ ನನ್ನ ತಲೆಯಲ್ಲೂ ರಾತ್ರಿಯಿಡೀ ಕೊರೆದಿತ್ತು. ಇಂಡಿಯ ಆ ಕೋಣೆ ಮತ್ತೆ ಮೂಗಿಗೆ ಬಂತು. ಹೂಂ ಎಂದು ಸುಮ್ಮನಾಗಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಬಿದ್ದವನ ಲೆಕ್ಕ ಎಲ್ಲರೂ ಇಡುತ್ತಾರೆ, ಕೂಡ್ರಿಸಿ ಸವೆಸಿದವನ ಲೆಕ್ಕ ಯಾರೂ ಇಡುವುದಿಲ್ಲ.

"ನಂದ್ರಿ" ಅಂದೆ. "ಕಾರ್ಡಿನ ಮ್ಯಾಲ ನನ್ನ ಸಹಿ ಐತಿ. ತಿದ್ದಿದ್ದಕ್ಕೂ ನನ್ನ ಸಹಿನ ಇರಲಿ."

"ಬರವಣಿಗಿಯಾಗ ನಾ ಏನೂ ಕೊಡಂಗಿಲ್ಲ."

"ಬ್ಯಾಡ್ರಿ."

ಎದ್ದು ಬರುವಾಗ ಅವರು ಹಿಂದಿನಿಂದ, "ಹುಷಾರ್ ಮೇಡಂ" ಅಂದರು. ಯಾವುದಕ್ಕೆ ಹುಷಾರು ಎಂದು ಕೇಳಲಿಲ್ಲ.

ಆ ದಿನದಿಂದ ಹೊಸ ಶಿಬಿರ ನಿಲ್ಲಿಸಿದೆ. ಪಟ್ಟಿ ಹಿಡಿದು ಕೆಂಪಿನವರ ಮನೆಗಳನ್ನು ಒಂದೊಂದಾಗಿ ಹೊಕ್ಕೆ. ಪದ್ಧತಿ ಬದಲಿಸಿದೆ. ಮೊದಲು ಅವರ ದಿನಚರಿ ಕೇಳುವುದು: ನೀರು ಯಾರು ತರುತ್ತಾರೆ, ಬಯಲಕಡೆ ಎಲ್ಲಿಗೆ ಹೋಗುತ್ತೀರಿ, ಹೊಲ ಎಷ್ಟು ದೂರ, ಎಂದಿನಿಂದ ಬಿಟ್ಟಿರಿ, ಯಾಕೆ ಬಿಟ್ಟಿರಿ. ಆಮೇಲೆ ಅಂಗಳದ ಮಣ್ಣಿನಲ್ಲಿ, ಅವರದೇ ಚಪ್ಪಲಿ ಕಾಲ್ಮರಿಯಲ್ಲಿ, ಬಡಿಗೆಯವರಿಗೆ ಬಡಿಗೆ ಕೊಟ್ಟು ನಡೆಸುವುದು. ಕುರ್ಚಿಯ ಬದಲು ಅವರು ಕೂಡುವ ಕಟ್ಟೆಯಿಂದ ಏಳಿಸುವುದು. ಕೊನೆಗೆ ಮನೆಯವರ ಎದುರು ಕಾರ್ಡಿನ ದಪ್ಪ ಅಕ್ಷರ ಹೊಡೆದು ಹಾಕಿ, ಪೆನ್ನಿನಿಂದ 'ಕೆಲಸ ಬಿಡಿಸಬೇಡಿರಿ, ಸಂಗಡ ನಡೆಯಿರಿ' ಎಂದು ಬರೆದು ಸಹಿ ಮಾಡುವುದು.

ಖರೆಯೇ ಕೆಂಪಿನವರು ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಆಗ ಕೆಂಪಲ್ಲದವರೂ ಈಗ ಕೆಂಪಾಗಿದ್ದರು, ಅದನ್ನು ನೋಡಲಾಗುತ್ತಿರಲಿಲ್ಲ. ಮುದ್ದೇಬಿಹಾಳದ ಕಡೆಯ ಒಬ್ಬ ಮುದುಕಿ ದಿನಕ್ಕೆ ಎರಡು ಡಜನ್ ರೊಟ್ಟಿ ಬಡಿಯುತ್ತಿದ್ದವಳು, ಮನೆಯವರು ಹಿಟ್ಟು ನಾದುವ ಕೊಣಬಿಗೆಯನ್ನೇ ಕಸಿದುಕೊಂಡಿದ್ದರಂತೆ. ಭುಜ ಬಿಗಿದು ಕೈ ತಲೆಗೇರುತ್ತಿರಲಿಲ್ಲ, ಹೆರಳು ಸೊಸೆಯೇ ಹಾಕಬೇಕು. ಕೆಲವು ಮನೆಗಳಲ್ಲಿ ನನ್ನನ್ನು ಬೈದರು. "ಆವತ್ತೊಂದ ಹೇಳ್ತೀರಿ, ಇವತ್ತೊಂದ ಹೇಳ್ತೀರಿ, ನಿಮ್ಮ ಯಾವ ಮಾತ ನಂಬೂದು?" ನನ್ನ ಸ್ವಭಾವಕ್ಕೆ ತಿರುಗಿ ಬೈಯಬೇಕಿತ್ತು. ಬೈಸಿಕೊಂಡೇ ಕಾರ್ಡು ತಿದ್ದಿದೆ.

ಮುತ್ಯಾನ ಮನೆಗೆ ವಾರಕ್ಕೆ ಮೂರು ದಿನ ಹೋದೆ. ಮೊದಲ ದಿನವೇ ಮಗ, ಸೊಸೆ ಇಬ್ಬರನ್ನೂ ಕೂಡ್ರಿಸಿಕೊಂಡು ತಪ್ಪು ನನ್ನದೆಂದು ಹೇಳಿದೆ. ಸೊಸೆಗೆ ಅರ್ಥವಾಗಲಿಲ್ಲವೋ, ಅರ್ಥವಾಗುವುದು ಬೇಡವಾಗಿತ್ತೋ, "ಇರಲಿ ಬಿಡ್ರಿ, ಈಗ ಏನ್ ಮಾಡೂದು ಹೇಳ್ರಿ" ಅಂದಳು.

ಹಗ್ಗದ ಹೊರಸು ನಡುವೆ ಜೋಲು ಬಿದ್ದಿತ್ತು. ಆ ಕುಣಿಯಿಂದ ಏಳುವುದು ಗಟ್ಟಿ ಆಳಿಗೂ ಕಷ್ಟ. ಮಗ ಹಗ್ಗ ಬಿಗಿದ, ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಹುಣ್ಣಿಗೆ ನರ್ಸಮ್ಮ ಬಂದು ಪಟ್ಟಿ ಹಾಕುತ್ತಿದ್ದಳು. ಹಾಲು, ಹೆಸರುಬೇಳೆ, ಮೆತ್ತಗೆ ಕುಟ್ಟಿದ ಶೇಂಗಾ ಚಟ್ನಿಪುಡಿ. ಮೊದಲ ವಾರ ಪಾದ ಮೇಲೆ ಕೆಳಗೆ ಆಡಿಸುವುದು, ಮಂಡಿ ಮಡಚಿ ಸೊಂಟ ಎತ್ತುವುದು, ಅಷ್ಟೇ. ಎರಡನೇ ವಾರ ಕಾಲು ಇಳಿಬಿಟ್ಟು ಕೂಡುವುದು, ಮೊದಲು ಒಂದು ನಿಮಿಷ, ಆಮೇಲೆ ಐದು. ಪ್ರತಿ ಸಲ ರಕ್ತದೊತ್ತಡ ನೋಡಿ ಬರೆದುಕೊಳ್ಳುತ್ತಿದ್ದೆ. ಮೂರನೇ ವಾರ ಅವನ ತೋಳು ನನ್ನ ಹೆಗಲ ಮೇಲೆ ಹಾಕಿಸಿ, ನನ್ನ ಮಂಡಿಯಿಂದ ಅವನ ಮಂಡಿ ತಡೆದು ನಿಲ್ಲಿಸಿದೆ. ನಡುಗಿದ, ನಿಂತ.

ನಾಲ್ಕನೇ ವಾರದ ಒಂದು ಮುಂಜಾನೆ ಮಗನನ್ನೂ ನನ್ನನ್ನೂ ಹಿಡಿದುಕೊಂಡು ಒಂಬತ್ತು ಹೆಜ್ಜೆ ನಡೆದು ಹೊಸ್ತಿಲು ಮುಟ್ಟಿದ. ಹೊರಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಓಣಿಯ ಗೋಡೆಯ ಕಡೆ ಕೈ ಮಾಡಿ ಅಲ್ಲಿಗೆ ಕರೆದೊಯ್ಯಿ ಅಂದ. ನಾನು ಮುಖ ತಿರುಗಿಸಿಕೊಂಡೆ, ಮಗ ಹಿಡಿದುಕೊಂಡ. "ನಿಂತ ಉಚ್ಚಿ ಹೊಯ್ಯಾಕ ಇಷ್ಟೆಲ್ಲಾ ಸಾಲಿ ಕಲೀಬೇಕೇನವಾ ಅಕ್ಕಾರ?" ಅಂದ ಮುತ್ಯಾ. ಅವನ ನಗು ನಾನು ನೋಡಿದ್ದು ಅಂದೇ. "ಆಡು ಯಾವಾಗ ಬರ್ತಾವ?" ಎಂದೂ ಕೇಳಿದ. ಊರ ಅಗಸಿ ಬಾಗಿಲ ತನಕ ನಡೆದ ದಿನ ತರಿಸುತ್ತೇನೆ ಅಂದೆ. ಮಗನೂ ಹೂಂ ಅಂದ.

ಖುಷಿಯ ಭರದಲ್ಲಿ ಆ ಮಗ, ನಾನಿಲ್ಲದ ದಿನ, ಒಬ್ಬನೇ ಎಬ್ಬಿಸಿ ನಿಲ್ಲಿಸಿದ. ಕೂಡ್ರಿಸಿ ಐದು ನಿಮಿಷ ಕಾಯಬೇಕೆಂಬುದನ್ನು ಮರೆತ. ಮುತ್ಯಾ ತಲೆ ತಿರುಗಿ ಮಗನ ಮೈಮೇಲೆಯೇ ಕುಸಿದ. ಎಲುಬು ಮುರಿಯಲಿಲ್ಲ, ಹಣೆ ತರಚಿತು ಅಷ್ಟೇ. ಆದರೆ ಮಗನ ಎದೆ ಒಡೆದುಹೋಯಿತು. ನಾನು ಹೋದಾಗ ಬಾಗಿಲಿಗೆ ಅಡ್ಡ ನಿಂತ.

"ಸಾಕ್ರಿ ಅಕ್ಕಾರ. ನಿಮ್ಮ ಮೊದಲಿನ ಮಾತ ಖರೆ ಇತ್ತು. ಅಪ್ಪಗ ನಾನ ಕೆಡವಿ ಕೊಂದಂಗ ಆಗತಿತ್ತು."

"ಮಲಗಿಸಿದ್ರ ಬದುಕ್ತಾರೇನೋ ತಮ್ಮಾ?"

"ನನ್ನ ಕಣ್ಣ ಮುಂದಾರ ಇರ್ತಾನಲ್ರಿ."

ಬೇಡಿಕೊಂಡೆ, ಜಗಳ ಮಾಡಿದೆ, ಆಶಾಳನ್ನು ಕಳಿಸಿದೆ. ಒಳಗೆ ಬಿಡಲು ಒಂದು ವಾರ ತೆಗೆದುಕೊಂಡ. ಆ ವಾರದಲ್ಲಿ ಮುತ್ಯಾನಿಗೆ ಕಫ ಕಟ್ಟಿತು. ಮಲಗಿದವನ ಎದೆಯಲ್ಲಿ ಕಫ ಕೂತರೆ ಕೆಮ್ಮಿ ತೆಗೆಯುವ ಕಸುವೂ ಇರುವುದಿಲ್ಲ. ಮಗ್ಗುಲು ಮಾಡಿ ಬೆನ್ನು ತಟ್ಟಿದೆ, ಜ್ವರ ನೋಡಿದೆ, ಉಸಿರು ಎಣಿಸಿದೆ. ತಾಳಿಕೋಟೆಯ ದವಾಖಾನೆಗೆ ಕರೆದೊಯ್ದೆವು. ಅಲ್ಲಿ ಕೈಲಾದದ್ದೆಲ್ಲ ಮಾಡಿದರು. ನಾಲ್ಕನೇ ದಿನ ಮುತ್ಯಾ ತೀರಿಕೊಂಡ.

ಮಣ್ಣಿಗೆ ನಾನು ಹೋಗಲಿಲ್ಲ, ಧೈರ್ಯವಾಗಲಿಲ್ಲ. ಐದನೆಯ ದಿನ ಹೋದೆ. ಮಗ ನನ್ನನ್ನು ಕಂಡು ಎದ್ದು ಹೊಲಕ್ಕೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸೊಸೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ.

"ನಾವ ಕೊಂದ್ವೇನ್ರಿ ಅಕ್ಕಾರ?" ಮೊರದಿಂದ ಕಣ್ಣೆತ್ತದೆ ಕೇಳಿದಳು. "ಛಲೋತ್ನಾಗಿ ನೋಡ್ಕೋಬೇಕಂತ ಎಷ್ಟ ಮಾಡಿದ್ವಿ."

"ಇಲ್ಲವಾ. ತಪ್ಪ ನಂದು. ನಿಮಗ ಹಂಗ ತಿಳೀಯೂ ಹಂಗ ಬರದ ಕೊಟ್ಟಾಕಿ ನಾನು. ಹಳದಿ ಕೊಡ್ರಿ ಅಂದ್ರೂ ಕೆಂಪು ಕೊಟ್ಟಾಕಿ ನಾನು."

ಇಷ್ಟನ್ನು ಬಿಡಿಸಿ ಹೇಳಿದ್ದು ಅದೇ ಮೊದಲು. ಅವಳು ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ಹಂಗಾರ ನಮ್ಮವ್ವ?" ಅಂದಳು.

"ನಿಮ್ಮವ್ವ ಯಾರ?"

"ಇಂಗಳೇಶ್ವರದಾಗ ಅದಾಳ್ರಿ. ಕಾರ್ಡ ತಂದ ದಿನಾನ ನಾ ತಮ್ಮಗ ಫೋನ್ ಹಚ್ಚಿದ್ನಿ. ಅವ್ವಗೂ ಮಾವಗ ಆದಷ್ಟ ವಯಸ್ಸಾಗೇತಿ, ಹೊಲಕ್ಕ ಬಿಡಬ್ಯಾಡ್ರಿ, ನೀರಿಗಿ ಬಿಡಬ್ಯಾಡ್ರಿ, ಬಿದ್ದ ಗಿದ್ದಾಳು ಅಂತ. ನನ್ನ ಮಾತ ಕೇಳಿ ಕುಂದ್ರಿಸ್ಯಾರ. ಐದ ತಿಂಗಳಾತು."

ಆ ಅವ್ವ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅವಳನ್ನು ನಾನು ಪರೀಕ್ಷಿಸಿರಲಿಲ್ಲ, ಕಾರ್ಡು ಕೊಟ್ಟಿರಲಿಲ್ಲ. ಎಲ್ಲ ಕೆಂಪಿನ ಮನೆಗಳಿಗೂ ಬೀಗರಿದ್ದಾರೆ, ತವರುಮನೆಗಳಿವೆ, ಎಲ್ಲರ ಕೈಯಲ್ಲೂ ಫೋನಿದೆ.

"ನಡೀರಿ, ಈಗಿಂದೀಗ ಹೋಗೂಣು" ಅಂದೆ.

"ಸೂತಕದಾಗ ನಾ ಹ್ಯಾಂಗ ಬರ್ಲಿ? ನೀವು ಹೋಗ್ರಿ ಅಕ್ಕಾರ. ಇವತ್ತ ಹೋಗ್ರಿ."

ಬಾಗೇವಾಡಿಗೆ ಬಂದು, ಅಲ್ಲಿಂದ ಇಂಗಳೇಶ್ವರದ ಬಸ್ಸು ಹಿಡಿದೆ. ತಲುಪುವ ಹೊತ್ತಿಗೆ ದನ ಮನೆಗೆ ಬರುತ್ತಿದ್ದವು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕನ ಫೋನು ಮೊದಲೇ ಬಂದಿತ್ತು, ತಮ್ಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಪಡಸಾಲೆಯಲ್ಲಿ ಸಣ್ಣ ಜೀವದ ಒಬ್ಬ ಮುದುಕಿ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಸೀರೆ ಮಡಿಯಾಗಿತ್ತು. ಮಗ್ಗುಲಲ್ಲಿ ನೀರಿನ ತಂಬಿಗೆ.

ನಾನು ಯಾರೆಂದು ಹೇಳಿದೆ. ದವಾಖಾನೆಯ ಕೆಲಸದವಳು ಎಂದು ಕೇಳಿದ್ದೇ ಅವಳು ಮಗನನ್ನು ನೀರು ತರಲು ಕಳಿಸಿದಳು. ಅವನು ಹೋದದ್ದು ಖಾತ್ರಿ ಮಾಡಿಕೊಂಡು ನನ್ನ ಮುಂಗೈ ಹಿಡಿದು ಹತ್ತಿರ ಎಳೆದಳು.

"ಖರೇ ಹೇಳವಾ, ನಾ ಹೆದರಾಕಿ ಅಲ್ಲ. ಐದ ತಿಂಗಳಾತು, ನನಗ ಯಾರೂ ಒಂದ ಕೆಲಸಾ ಹೇಳವಲ್ಲರು. ಸೊಸಿ ಒಂದ ದಿನಾ ಜಗಳಾಡಿಲ್ಲ. ಬಿಸಿ ರೊಟ್ಟಿ ಕೈಯಾಗ ತಂದ ಕೊಡ್ತಾಳ. ಮಗಳು ಫೋನಿನ್ಯಾಗ ಅಳ್ತಾಳ. ನನಗೇನೋ ದೊಡ್ಡ ಬ್ಯಾನಿ ಆಗೇತಿ, ಮುಚ್ಚಿ ಇಟ್ಟಾರ. ಎಷ್ಟ ದಿನಾ ಅಂತ ಹೇಳ್ಯಾರ ಡಾಕ್ಟರು?"

ಐದು ತಿಂಗಳು ಅವಳು ಆ ಗೋಡೆಗೊರಗಿ ಸಾವಿನ ದಿನ ಎಣಿಸಿದ್ದಳು.

"ಏನೂ ಬ್ಯಾನಿ ಇಲ್ಲ ಆಯಿ" ಅಂದೆ. "ಯಾರೋ ತಪ್ಪ ಹೇಳಿದ್ರು. ಹೇಳಿದಾಕಿ ನಾನು. ಏಳ್ರಿ."

"ಏಳ್ಲಿ?"

"ಏಳ್ರಿ."

ಅವಳು ಬಾಗಿಲ ಕಡೆ, ಯಾರಾದರೂ ಬೈದಾರೆಂದು ಒಮ್ಮೆ ನೋಡಿದಳು. ಎರಡೂ ಕೈ ನೆಲಕ್ಕೂರಿದಳು. ಮೊದಲ ಸಲ ಏಳಲಾಗಲಿಲ್ಲ, ಎರಡನೇ ಸಲವೂ ಆಗಲಿಲ್ಲ. ನಾನು ಹಿಡಿಯಲು ಕೈ ಚಾಚಿದರೆ ತಳ್ಳಿಬಿಟ್ಟಳು. "ಹಿಡೀಬ್ಯಾಡ, ಸರೀ ಅತ್ತಾಗ" ಎಂದು ನನ್ನನ್ನು ಗದರಿಸಿ, ಮತ್ತೆ ನೆಲಕ್ಕೆ ಕೈ ಊರಿದಳು.